ಉದ್ಯಾನವು ಸಿರಿಯ ಸೊಗಸೇ?

ಅಮೇರಿಕೆಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ, ನಾಲ್ಕಾರು ತಿಂಗಳು ಅಲ್ಲಿದ್ದು ಹಿಂದಿರುಗುವ ಗೃಹಸ್ಥರ ಬಾಯಲ್ಲಿ ಈಚೆಗೆ ಒಂದು ಮಾತು ಬೇರೂರಿಬಿಟ್ಟಿದೆ. ಅಲ್ಲಿಯ ಸಣ್ಣ ಊರುಗಳಲ್ಲಿಯೂ ಎಂತಹ ವಿಹಾರೋದ್ಯಾನಗಳು, ಎಂತಹ ಸರೋವರತೀರಗಳು, ವೃದ್ಧರು ಕುಳ್ಳಿರಲು ಎಷ್ಟು ನೆರಳು, ಮಕ್ಕಳು ಆಡಲು ಎಷ್ಟು ಹುಲ್ಲುಬಯಲು ಎಂದು ಮೊದಲು ವರ್ಣನೆ. ಬಳಿಕ ಒಂದು ನಿಟ್ಟುಸಿರು. ಅದರ ಬೆನ್ನಿಗೇ ತೀರ್ಪು: "ಏನು ಮಾಡುವುದು ಸ್ವಾಮಿ, ಅದೆಲ್ಲ ಹಣವಿದ್ದವರ ಮಾತು." ಕೇಳಿದವರು ತಲೆದೂಗುವರು, ಕಾಫಿಯ ಲೋಟಗಳು ಬರಿದಾಗುವುವು, ಪ್ರಸಂಗವು ಅಲ್ಲಿಗೆ ಮುಗಿಯುವುದು.

ಈ ತೀರ್ಪು ಎಷ್ಟು ಸುಲಭವೋ ಅಷ್ಟೇ ತಪ್ಪು. ತಪ್ಪಾಗಿದ್ದು ನಿರಪಾಯಕರವಾಗಿದ್ದರೆ ಅದರ ಗೊಡವೆಗೆ ಹೋಗಬೇಕಾಗಿರಲಿಲ್ಲ. ಆದರೆ ಊರಿನ ಬಯಲೊಂದು ಅಂಗಡಿಸಾಲಾಗುವಾಗ, ಕೆರೆಯಂಗಳವೊಂದು ಮನೆನಿವೇಶನವಾಗುವಾಗ, ಸಭ್ಯ ಗೃಹಸ್ಥರು ಸುಮ್ಮನೆ ಕುಳಿತಿರಲು ಇದೇ ಮಾತು ದಿಂಬಾಗಿ ಒದಗುತ್ತದೆ. ಆದುದರಿಂದ ಇದನ್ನು ಪರೀಕ್ಷಿಸಿ ನೋಡುವುದು ಅವಶ್ಯಕ. ಪರೀಕ್ಷೆಯನ್ನು ಇಲ್ಲಿಯ ಊರುಗಳಲ್ಲಿ ನಡೆಸಿದರೆ ಪಕ್ಷಪಾತದ ಶಂಕೆ ಬರಬಹುದು. ಅವರು ನೋಡಿ ಬಂದ ದೇಶದಲ್ಲಿಯೇ ನಡೆಯಲಿ.

ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿಯಾದ ಮ್ಯಾಡಿಸನ್ ನಗರವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಮೆಂಡೋಟಾ, ಮೊನೋನಾ ಎಂಬ ಎರಡು ದೊಡ್ಡ ಸರೋವರಗಳ ನಡುವಣ ಕಿರಿದಾದ ಭೂಸಂಧಿಯ ಮೇಲೆ ಈ ಊರು ನಿಂತಿದೆ. ಪಕ್ಕದಲ್ಲಿ ವಿಂಗ್ರಾ ಎಂಬ ಸಣ್ಣ ಸರೋವರ. ಎರಡು ದೊಡ್ಡ ನೀರುಗಳನ್ನು ಜೋಡಿಸುವ ಯಹಾರಾ ಎಂಬ ತೊರೆ. 2020ರ ಜನಗಣತಿಯಲ್ಲಿ ಇಲ್ಲಿ 2,69,840 ಜನರಿದ್ದರು. ಇಂದು ಇಲ್ಲಿ ನಗರಸಭೆಗೆ ಸೇರಿದ ಉದ್ಯಾನಗಳೇ ಇನ್ನೂರೈವತ್ತಕ್ಕೆ ಮೇಲಿವೆ. ಪ್ರವಾಸಿಗರು ಕಂಡು ಬೆರಗಾಗುವುದು ಇದನ್ನೇ. "ಇಷ್ಟು ಹಣವಿರುವುದರಿಂದ ಇಷ್ಟು ತೋಟ" ಎಂದು ಅವರು ಅನುಮಾನ ಮಾಡುವುದೂ ಇದನ್ನು ಕಂಡೇ. ಧೂಮವಿದ್ದಲ್ಲಿ ಅಗ್ನಿಯುಂಟು ಎಂಬ ವ್ಯಾಪ್ತಿಯಂತೆ, ಉದ್ಯಾನವಿದ್ದಲ್ಲಿ ಐಶ್ವರ್ಯವುಂಟು ಎಂಬುದು ಅವರ ವ್ಯಾಪ್ತಿ. ಆದರೆ ವ್ಯಾಪ್ತಿಯನ್ನು ಸ್ಥಾಪಿಸುವವನು ಕಾರಣವು ಕಾರ್ಯಕ್ಕಿಂತ ಮುಂಚೆ ಇತ್ತೇ ಎಂಬುದನ್ನಾದರೂ ನೋಡಬೇಡವೇ? ಈ ಊರಿನ ತೋಟಗಳು ಹುಟ್ಟಿದ ಕಾಲದಲ್ಲಿ ಊರು ಹೇಗಿತ್ತು?

1890ರಲ್ಲಿ ಮ್ಯಾಡಿಸನ್ನಿನ ಜನಸಂಖ್ಯೆ 13,426. ಇಂದಿನ ಕರ್ಣಾಟಕದ ಎಷ್ಟೋ ಹೋಬಳಿ ಊರುಗಳು ಇದಕ್ಕಿಂತ ದೊಡ್ಡವು. ಊರಿಗೆ ಇದ್ದ ಉದ್ಯಾನವೆಂದರೆ, ಹಿಂದೆ ರುದ್ರಭೂಮಿಯಾಗಿದ್ದು, ಹೆಣಗಳನ್ನು ಬೇರೆಡೆಗೆ ಸಾಗಿಸಿದ ಮೇಲೆ ಉಳಿದ ಮೂರು ನಾಲ್ಕು ಎಕರೆಯ ನೆಲ. ಸತ್ತವರು ಜಾಗ ಬಿಟ್ಟುಕೊಟ್ಟದ್ದರಿಂದ ಬದುಕಿದ್ದವರಿಗೆ ನೆರಳು ಸಿಕ್ಕಿತೆಂದು ಹೇಳಿದರೆ ಅತ್ಯುಕ್ತಿಯಲ್ಲ. ಸರೋವರಗಳ ಅಂಚು ಬಹುಭಾಗ ಜೌಗು. ಅದು ಸೊಳ್ಳೆಗಳ ತವರು, ಕಸದ ತಿಪ್ಪೆ. ಉದ್ಯಾನಕ್ಕೆಂದು ಖರ್ಚುಮಾಡಲು ನಗರಸಭೆಗೆ ಮನಸ್ಸಿರಲಿಲ್ಲ.

ಇಂತಹ ಊರಿನಲ್ಲಿ 1894ರಲ್ಲಿ ಜಾನ್ ಓಲಿನ್ ಎಂಬ ವಕೀಲರು ಮುಂದಾಗಿ 'ಉದ್ಯಾನ ಮತ್ತು ವಿಹಾರಮಾರ್ಗಗಳ ಸಂಘ'ವೊಂದನ್ನು ನಿಲ್ಲಿಸಿದರು. ಇವರು ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರವನ್ನು, ಎಂದರೆ ಆ ದೇಶದ ಕಾಯಿದೆಯನ್ನು, ಬೋಧಿಸುತ್ತಿದ್ದವರು. ಸಂಘವು ಸರಕಾರದ್ದಲ್ಲ, ನಗರಸಭೆಯದೂ ಅಲ್ಲ. ಸದಸ್ಯರು ವರ್ಷವರ್ಷವೂ ಚಂದಾ ಕೊಡುವುದು, ಆ ಹಣದಿಂದ ರಸ್ತೆ ಹಾಕುವುದು, ಗಿಡ ನೆಡುವುದು, ನೆಟ್ಟದ್ದನ್ನು ಕಾಯುವುದು. ಇಷ್ಟೇ ಅದರ ಬಂಡವಾಳ. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನವನ್ನು ಓಲಿನ್ ಅವರು ಬೇಡವೆನ್ನಲಿಲ್ಲ. ಆದರೆ ಅದನ್ನು ನಂಬಿ ಕುಳಿತಿರಲೂ ಇಲ್ಲ. ಪ್ರತಿವರ್ಷವೂ ಮನೆಮನೆಯವರನ್ನು ಕೇಳುವುದು, ಪ್ರತಿವರ್ಷವೂ ಲೆಕ್ಕವನ್ನು ಅಚ್ಚುಹಾಕಿಸಿ ಒಪ್ಪಿಸುವುದು: ಈ ಬೇಸರದ ಕೆಲಸದಲ್ಲಿ ಅವರ ಸಾಮರ್ಥ್ಯವಿತ್ತು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಓದುವ ಪ್ರವಾಸಿಗರು ಈ ಲೆಕ್ಕದ ಪುಸ್ತಕವನ್ನು ಕಾಣುವುದಿಲ್ಲ.

ಸಂಘದ ಮೊದಲ ಕೆಲಸಗಳು ಸರೋವರದ ಬದಿಯ ಸಾರೋಟುದಾರಿಗಳು ಎಂಬುದು ನಿಜ. ಕುದುರೆಗಾಡಿಯಿದ್ದವರಿಗೆ ಮಾತ್ರ ದಕ್ಕುವ ಸುಖ ಅದು. ಇಷ್ಟಕ್ಕೇ ನಿಂತಿದ್ದರೆ 'ಸಿರಿಯ ಸೊಗಸು' ಎಂಬ ಆಕ್ಷೇಪವನ್ನು ಒಪ್ಪಿ ಸುಮ್ಮನಾಗಬೇಕಾಗುತ್ತಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. 1899ರಲ್ಲಿ ಡೇನಿಯಲ್ ಟೆನ್ನಿ ಎಂಬವರು ಊರಿನ ಪೂರ್ವಭಾಗದಲ್ಲಿ, ಯಹಾರಾ ತೊರೆಯು ಮೆಂಡೋಟಾದಿಂದ ಹೊರಡುವೆಡೆಯಲ್ಲಿ, ಜೌಗುನೆಲವನ್ನು ಉದ್ಯಾನಕ್ಕೆಂದು ಕೊಟ್ಟರು. ಆ ನೆಲವನ್ನು ಮಾಡಿದ ಬಗೆ ಗಮನಿಸತಕ್ಕದ್ದು. ಜೌಗಿನ ಒಂದು ಭಾಗವನ್ನು ಆಳವಾಗಿ ಅಗೆದು ಕೊಳ ಮಾಡಿದರು. ಅಗೆದ ಹೂಳನ್ನು ಉಳಿದ ಭಾಗದ ಮೇಲೆ ಹರಡಿ ದಡ ಎತ್ತರಿಸಿದರು. ಹೊರಗಿನಿಂದ ಮಣ್ಣನ್ನು ತರುವ ಖರ್ಚು ತಪ್ಪಿತು. ನೀರೂ ಸಿಕ್ಕಿತು, ನೆಲವೂ ಸಿಕ್ಕಿತು. ಕೆರೆಯ ಹೂಳೆತ್ತಿ ಏರಿಗೆ ಹಾಕುವುದನ್ನು ಬಲ್ಲ ನಾಡಿನವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಅಂದಿನ ಆ ಕೊಳದಲ್ಲಿಯೇ ಮಾಗಿಯಲ್ಲಿ ನೀರು ಗಟ್ಟಿಯಾದಾಗ ಮಕ್ಕಳು ಹಿಮದ ಮೇಲೆ ಜಾರುವ ಪಾದುಕೆ ಕಟ್ಟಿ ಇಂದಿಗೂ ಆಡುತ್ತಾರೆ. ಇದಕ್ಕೆ ಸಾರೋಟು ಬೇಕಿಲ್ಲ.

ಇಲ್ಲಿ ಎರಡನೆಯ ಪೂರ್ವಪಕ್ಷವು ತಲೆಯೆತ್ತುವುದು. "ಇರಲಿ, ತೋಟ ಮಾಡೋಣ, ಆದರೆ ಬಾಗಿಲಲ್ಲಿ ಟಿಕೆಟ್ಟು ಇರಬೇಕು. ತನ್ನ ಖರ್ಚನ್ನು ತಾನು ದುಡಿಯದ ತೋಟ ಪುರಸಭೆಗೆ ಹೊರೆ" ಎಂದು ಲೆಕ್ಕಬಲ್ಲವರು ನುಡಿಯುವರು. ಬೆಂಗಳೂರಿನ ಲಾಲ್‌ಬಾಗಿನ ಬಾಗಿಲಲ್ಲಿ ಟಿಕೆಟ್ಟು ಕೊಳ್ಳುವ ರೂಢಿಯನ್ನು ಅವರು ಉದಾಹರಿಸುವರು. ಒಂದು ಕುಟುಂಬಕ್ಕೆ ಅದು ಎಷ್ಟರ ಹಣ ಎಂದೂ ಕೇಳುವರು. ಕೇಳುವವರಿಗೆ ಅದು ಹಣವಲ್ಲ. ಮೂರು ಮಕ್ಕಳ ಕೂಲಿಕಾರನಿಗೆ ಹಣವೇ.

ಮ್ಯಾಡಿಸನ್ನಿನಲ್ಲಿ ಇದಕ್ಕೆ ಉತ್ತರ 1904ರಷ್ಟು ಹಿಂದೆಯೇ ದೊರಕಿತು. ವಿಲಿಯಂ ವೈಲಸ್ ಎಂಬವರು ಆ ದೇಶದ ಕೇಂದ್ರಸರಕಾರದಲ್ಲಿ ಅಂಚೆಯ ಮಂತ್ರಿಗಳಾಗಿಯೂ ಒಳಾಡಳಿತದ ಮಂತ್ರಿಗಳಾಗಿಯೂ ಇದ್ದವರು. ಇವರ ಮಗನಾದ ಹೆನ್ರಿಯು ಮಧುಮೇಹದಿಂದ ಚಿಕ್ಕವಯಸ್ಸಿನಲ್ಲಿಯೇ ತೀರಿಕೊಂಡನು. ಅದಕ್ಕೆ ಔಷಧವಾದ ಇನ್ಸುಲಿನ್ ಇನ್ನೂ ಲೋಕಕ್ಕೆ ತಿಳಿಯದಿದ್ದ ಕಾಲ ಅದು. ಮಗನ ನೆನಪಿಗಾಗಿ ತಂದೆತಾಯಿಗಳು ವಿಂಗ್ರಾ ಸರೋವರದ ದಡದ ನೆಲವನ್ನು ಊರಿಗೆ ಕೊಟ್ಟರು. ಕೊಡುವಾಗ ಹಾಕಿದ ಕಟ್ಟಳೆಯೊಂದು: ಒಳಗೆ ಬರುವವರಿಂದ ಪ್ರವೇಶದ ಹಣವನ್ನು ಯಾವ ಕಾಲಕ್ಕೂ ತೆಗೆದುಕೊಳ್ಳಕೂಡದು. 1911ರಲ್ಲಿ ಅಲ್ಲಿ ಮೃಗಾಲಯವೊಂದು ಆರಂಭವಾಯಿತು. ಮೃಗಗಳಿಗೆ ಆಹಾರ ಬೇಕು, ವೈದ್ಯರು ಬೇಕು, ಮಾಗಿಯ ಹಿಮದಲ್ಲಿ ಬೆಚ್ಚನೆಯ ಮನೆ ಬೇಕು; ಖರ್ಚು ವರ್ಷವರ್ಷವೂ ಏರಿತು. ಆದರೂ ನೂರು ವರ್ಷಗಳು ಕಳೆದ ಮೇಲೆಯೂ ಆ ಬಾಗಿಲಲ್ಲಿ ಟಿಕೆಟ್ಟಿಲ್ಲ. ಜಿಲ್ಲೆಯೂ ನಗರವೂ ತೆರಿಗೆಯ ಹಣದಿಂದ ನಡೆಸುತ್ತವೆ. ಇಷ್ಟವುಳ್ಳವರು ಡಬ್ಬಿಗೆ ಹಾಕುತ್ತಾರೆ.

ವೈಲಸ್ ದಂಪತಿಗಳು ಧರ್ಮಶಾಸ್ತ್ರದ ನಿಬಂಧಗಳನ್ನು ಓದಿದವರಲ್ಲ. ಆದರೂ ಅವರು ಮಾಡಿದ್ದಕ್ಕೆ ನಿಬಂಧಕಾರರು ಇಟ್ಟ ಹೆಸರೊಂದುಂಟು. ಬಾವಿ, ಕೆರೆ, ದೇವಾಲಯ, ಅನ್ನದಾನಗಳ ಜೊತೆಗೆ ಆರಾಮವನ್ನೂ, ಎಂದರೆ ತೋಟವನ್ನೂ, ಪೂರ್ತಧರ್ಮದಲ್ಲಿ ಸೇರಿಸಿದವರು ಪ್ರಾಚೀನರು. ಕೆರೆಯನ್ನೋ ತೋಟವನ್ನೋ ಮಾಡಿ ಮುಗಿಸಿದರೆ ಪೂರ್ತವು ಸಿದ್ಧಿಸದು, ಉತ್ಸರ್ಗವಾಗಬೇಕು. ಉತ್ಸರ್ಗವೆಂದರೆ ಕರ್ತೃವು ನೀರು ಬಿಟ್ಟು 'ಇದು ಸರ್ವಭೂತಗಳಿಗೆ' ಎಂದು ತನ್ನ ಸ್ವಾಮ್ಯವನ್ನು ಕಳಚಿಕೊಳ್ಳುವುದು. ಆ ಮೇಲೆ ಆ ಕೆರೆಯಲ್ಲಿ ಅವನು ನೀರು ಕುಡಿದರೂ ದಾರಿಹೋಕನಿಗಿರುವ ಹಕ್ಕಿನಿಂದಲೇ ಕುಡಿಯಬೇಕು. ಟಿಕೆಟ್ಟಿನ ತೋಟವು ಉತ್ಸರ್ಗವಾಗದ ತೋಟ. ಅದು ಅಂಗಡಿಯ ಒಂದು ಭೇದ. ಅಂಗಡಿ ಕೆಟ್ಟದ್ದೆಂದಲ್ಲ, ಆದರೆ ಅಂಗಡಿಯನ್ನು ತೆರೆದು ಪೂರ್ತದ ಪುಣ್ಯವನ್ನೂ ಬಯಸುವುದು ಲೆಕ್ಕಬಲ್ಲವರಿಗೆ ಒಪ್ಪುವ ಮಾತಲ್ಲ. ದೇವಾಲಯಗಳಿಗೆ ಹೂದೋಟ ಬಿಟ್ಟುದನ್ನು ಕಲ್ಲಿನಲ್ಲಿ ಕೊರೆಯಿಸಿದ ಕನ್ನಡನಾಡಿಗೆ ಇದನ್ನು ಬಿಡಿಸಿ ಹೇಳಬೇಕಾದೀತೇ?

ಇನ್ನು ಮೂರನೆಯ ಮಾತು. ಇದು ಪ್ರವಾಸಿಗರದಲ್ಲ, ಹೊಸ ವಿದ್ಯಾವಂತರದು, ಆದುದರಿಂದ ಹೆಚ್ಚು ಮೊನಚಾದುದು. ಆ ದಾನಿಗಳ ಹಣ ಎಲ್ಲಿಂದ ಬಂತು ಎಂದು ಅವರು ಕೇಳುವರು. ಕೇಳಬೇಕಾದ ಪ್ರಶ್ನೆಯೇ. ಮೊನೋನಾದ ಕೊಲ್ಲಿಯ ಬದಿಯ ಜೌಗನ್ನು ಉದ್ಯಾನ ಮಾಡಲು ಹಣ ಕೊಟ್ಟ ಬ್ರಿಟಿಂಗ್‌ಹ್ಯಾಮ್ ಎಂಬವರು ಮರದ ವ್ಯಾಪಾರಿಗಳು. ಆ ಸಂಸ್ಥಾನದ ಉತ್ತರಭಾಗದ ಪೈನ್ ಕಾಡುಗಳು ಆ ತಲೆಮಾರಿನಲ್ಲಿಯೇ ಕೊಡಲಿಗೆ ಬಿದ್ದು ಹೋದುವು. ಸಾವಿರ ಮರವನ್ನು ಉರುಳಿಸಿದ ಕೈಯೇ ನೂರು ಗಿಡವನ್ನು ನೆಟ್ಟರೆ ಲೆಕ್ಕ ಸರಿಹೋಯಿತೇ? ಸರಿಹೋಗಲಿಲ್ಲ. ಇದಕ್ಕಿಂತಲೂ ಹಿಂದಿನ ಋಣವೊಂದಿದೆ. ಆ ನಾಲ್ಕು ಸರೋವರಗಳ ನಾಡು ಹೋ-ಚಂಕ್ ಜನರದು. 1832ರ ಒಪ್ಪಂದದಲ್ಲಿ ಅದನ್ನು ಅವರಿಂದ ಬಿಡಿಸಿಕೊಂಡರು, ಜನರನ್ನು ಹೊರಗಟ್ಟಿದರು, ಅವರು ಮತ್ತೆ ಮತ್ತೆ ಹಿಂದಿರುಗಿ ಬಂದರು. ಅವರ ಪೂರ್ವಿಕರು ಸಾವಿರ ವರ್ಷಗಳ ಹಿಂದೆ ಹಕ್ಕಿ, ಕರಡಿ ಮೊದಲಾದ ಆಕೃತಿಗಳಲ್ಲಿ ಕಟ್ಟಿದ ಮಣ್ಣಿನ ದಿಬ್ಬಗಳು ಆ ದಡಗಳ ಮೇಲೆ ಸಾಲುಸಾಲಾಗಿದ್ದುವು. ಉಳುಮೆಗೂ ಮನೆಗಳಿಗೂ ಅವುಗಳಲ್ಲಿ ಬಹಳಷ್ಟು ಅಳಿದುಹೋದುವು.

ಇಷ್ಟನ್ನೂ ಒಪ್ಪಿದ ಮೇಲೆ ಆಕ್ಷೇಪಕರು ತೆಗೆಯುವ ನಿರ್ಣಯವೇನು? ಅಂತಹ ಹಣದಿಂದಾದ ತೋಟವೂ ದೋಷಯುಕ್ತ, ಹೊಗಳತಕ್ಕದ್ದಲ್ಲ ಎಂದು. ಇಲ್ಲಿ ಹೇತುವು ಸರಿ, ಸಾಧ್ಯ ತಪ್ಪು. ಅಳಿಯದೆ ಉಳಿದ ದಿಬ್ಬಗಳಲ್ಲಿ ಎಷ್ಟೋ ಉಳಿದಿರುವುದು ಉದ್ಯಾನಗಳೊಳಗೇ. ವಿಂಗ್ರಾ ಸರೋವರದ ಮೇಲಣ ದಿಣ್ಣೆಯಲ್ಲಿ ಕರಡಿಯ ಆಕಾರದ ದಿಬ್ಬವೊಂದನ್ನು ಇಂದಿಗೂ ಕಾಣಬಹುದು. ಅದರ ಸುತ್ತಲೂ ಮನೆಗಳು, ಅದಕ್ಕೆ ಮಾತ್ರ ಹುಲ್ಲಿನ ಒಂದು ವೃತ್ತ. ನೆಲವು ಸಾರ್ವಜನಿಕವಾಗದಿದ್ದರೆ ಅದು ಯಾರದೋ ಅಡಿಗೆಮನೆಯ ಅಸ್ತಿಭಾರದ ಕೆಳಗೆ ಮುಚ್ಚಿಹೋಗುತ್ತಿತ್ತು. ದೋಷವು ಸಂಪಾದನೆಯದು, ಅದನ್ನು ತೋಟದ ತಲೆಗೆ ಕಟ್ಟಿದರೆ ಸಂಪಾದಿಸಿ ಏನನ್ನೂ ಬಿಡದ ಧನಿಕರಿಗೇ ಸಂತೋಷ.

ಪ್ರಕೃತಿಗೆ ಮನುಷ್ಯನ ಕೈ ಬೇಡ, ಸುಮ್ಮನೆ ಬಿಟ್ಟರೆ ತಾನೇ ಬೆಳೆಯುವುದು ಎಂಬ ಇನ್ನೊಂದು ವಾದವನ್ನು ಈಚೆಗೆ ಬಹಳ ಆದರದಿಂದ ಕೇಳುತ್ತಾರೆ. ಸೋಮಾರಿತನಕ್ಕೆ ಇಷ್ಟು ಗಂಭೀರವಾದ ಉಡುಪು ಇನ್ನಾವುದೂ ದೊರಕಲಿಕ್ಕಿಲ್ಲ. ಇದರ ಖಂಡನೆಗೆ ಮ್ಯಾಡಿಸನ್ನಿನ ವೃಕ್ಷವನಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಮೈಕೆಲ್ ಓಲ್‌ಬ್ರಿಚ್ ಎಂಬ ಇನ್ನೊಬ್ಬ ವಕೀಲರು 1921ರಲ್ಲಿ ಮೊನೋನಾದ ಪೂರ್ವತೀರದ ನೆಲವನ್ನು, ಅದು ಕೈಜಾರಿ ಹೋದೀತೆಂಬ ಭಯದಿಂದ, ತಮ್ಮ ಸ್ವಂತ ಹಣದಿಂದ ಕೊಂಡು ಊರಿಗೆ ಉಳಿಸಿದರು. ಕಾರ್ಖಾನೆಗಳಲ್ಲಿ ದುಡಿಯುವವರು ವಾಸಿಸುವ ಭಾಗ ಅದು. ಅವರಿಗೂ ಹೂವು ನೀರುಗಳು ಕಾಣಬೇಕೆಂಬುದೇ ಅವರ ಹಟ. ಊರಿನ ದಕ್ಷಿಣದಲ್ಲಿ ದೊಡ್ಡದೊಂದು ವೃಕ್ಷವನವಾಗಬೇಕೆಂಬ ಸಂಕಲ್ಪಕ್ಕೆ ಬೆನ್ನೆಲುಬಾಗಿದ್ದವರೂ ಅವರೇ; ಕೈಗೂಡುವ ಮೊದಲೇ 1929ರಲ್ಲಿ ತೀರಿಕೊಂಡರು. 1934ರ ಜೂನ್ ತಿಂಗಳಲ್ಲಿ ವಿಶ್ವವಿದ್ಯಾನಿಲಯದ ಆ ವೃಕ್ಷವನ ಪ್ರತಿಷ್ಠಿತವಾಯಿತು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಮುಳುಗಿದ್ದ ವರ್ಷಗಳು ಅವು ಎಂಬುದನ್ನು ಹಣದ ವಾದಿಗಳು ದಯಮಾಡಿ ಗುರುತಿಟ್ಟುಕೊಳ್ಳಬೇಕು. ಅಂದು ಮಾತನಾಡಿದವರಲ್ಲಿ ಆಲ್ಡೋ ಲಿಯೋಪೋಲ್ಡ್ ಒಬ್ಬರು. ದೇಶವಿದೇಶಗಳ ಮರಗಳನ್ನು ತಂದು ಸಾಲಾಗಿ ನೆಟ್ಟು ಹೆಸರುಹಲಗೆ ತೂಗಹಾಕುವುದು ಸಾಲದು, ಬಿಳಿಯರು ಬಂದು ಉಳುವ ಮೊದಲು ಈ ನೆಲ ಹೇಗಿತ್ತೋ ಅದರ ಒಂದು ತುಣುಕನ್ನು ಮತ್ತೆ ಕಟ್ಟಬೇಕು ಎಂಬುದು ಅವರ ಪ್ರತಿಜ್ಞೆ.

ಉತ್ತು ಸೋತ ಹೊಲವದು. ಅಲ್ಲಿ ಹುಲ್ಲುಗಾವಲನ್ನು ಮಾಡಬೇಕು. ಹುಲ್ಲೆಂದರೆ ಮನೆಯಂಗಳದ ಹುಲ್ಲಲ್ಲ. ಆಳೆತ್ತರ ಮೀರಿ ಬೆಳೆದು, ನೆಲದೊಳಗೆ ಅಷ್ಟೇ ಆಳಕ್ಕೆ ಬೇರಿಳಿಸುವ ಹುಲ್ಲುಗಳು, ಅವುಗಳ ನಡುವೆ ಋತುವಿಗೊಂದರಂತೆ ಅರಳುವ ಹೂಗಿಡಗಳು. ವಿಸ್ಕಾನ್ಸಿನ್ನಿನಲ್ಲಿ ಅಂತಹ ಬಯಲು ಹಿಂದೆ ಇದ್ದುದರಲ್ಲಿ ನೂರಕ್ಕೆ ಒಂದು ಪಾಲೂ ಇಂದು ಉಳಿದಿಲ್ಲ. 1935ರಿಂದ 1941ರ ವರೆಗೆ, ಕೆಲಸವಿಲ್ಲದೆ ಅಲೆಯುತ್ತಿದ್ದ ತರುಣರಿಗೆ ಸರಕಾರವು ಅನ್ನವನ್ನೂ ಸಂಬಳವನ್ನೂ ಕೊಟ್ಟು ಅಲ್ಲಿಯೇ ಶಿಬಿರದಲ್ಲಿಟ್ಟು ದುಡಿಸಿತು. ಅಳಿದುಳಿದ ಬಯಲುಗಳಿಂದ ಹುಲ್ಲುಹೆಂಟೆಗಳನ್ನು ಕಿತ್ತು ತಂದು ನೆಟ್ಟರು. ಬೀಜ ಆರಿಸಿ ಬಿತ್ತಿದರು. ನೆಟ್ಟು ಸುಮ್ಮನೆ ಬಿಟ್ಟರೇ? ಬಿಟ್ಟೆಡೆಯಲ್ಲೆಲ್ಲ ದನಗಳ ಮೇವಿಗೆಂದು ಹೊರಗಿನಿಂದ ಬಂದ ಹುಲ್ಲು ಮುಸುಕಿ, ನೆಟ್ಟದ್ದನ್ನು ಒತ್ತರಿಸಿತು. 1940ರ ದಶಕದಲ್ಲಿ ಜಾನ್ ಕರ್ಟಿಸ್ ಎಂಬ ಸಸ್ಯಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಬೆಂಕಿಯಿಟ್ಟು ಪರೀಕ್ಷಿಸಿದರು. ಸುಟ್ಟ ಪಾತಿಗಳಲ್ಲಿ ಪರಹುಲ್ಲು ಸೊರಗಿತು; ಆಳದಲ್ಲಿ ಬೇರುಳ್ಳ ನಾಡಹುಲ್ಲು ಚಿಗುರಿತು. ಹಿಂದೆ ಆ ಬಯಲುಗಳನ್ನು ಬಯಲಾಗಿಯೇ ಇಟ್ಟಿದ್ದುದು ಆ ನೆಲದ ಮೂಲಜನರು ಹಚ್ಚುತ್ತಿದ್ದ ಬೆಂಕಿಯೂ ಸಿಡಿಲಿನ ಬೆಂಕಿಯೂ ಎಂಬುದು ಇದರಿಂದ ದೃಢವಾಯಿತು. 'ಸ್ವಾಭಾವಿಕ' ಎಂದು ಬಿಳಿಯರು ಕಂಡ ನೆಲದಲ್ಲಿ ಮನುಷ್ಯನ ಕೈ ಮೊದಲೇ ಇತ್ತು!

ಇಂದು ಕರ್ಟಿಸರ ಹೆಸರಿರುವ, ಸುಮಾರು 70 ಎಕರೆಯ ಆ ಬಯಲು ಲೋಕದಲ್ಲಿಯೇ ಹೀಗೆ ಪುನಃ ಕಟ್ಟಿದ ಹುಲ್ಲುಗಾವಲುಗಳಲ್ಲಿ ಅತ್ಯಂತ ಹಳೆಯದೆಂದು ಪ್ರಸಿದ್ಧ. ತೊಂಬತ್ತು ವರ್ಷಗಳಾಗುತ್ತ ಬಂದರೂ ಅದು ಮುಗಿದ ಕೆಲಸವಲ್ಲ. ಊರಿನ ಬೀದಿಗಳ ಮಳೆನೀರು ಅತ್ತ ನುಗ್ಗಿ ಹೂಳನ್ನೂ ಕಳೆಬೀಜವನ್ನೂ ತರುತ್ತದೆ, ಕಿತ್ತಷ್ಟೂ ಕಳೆ. ಬೆಂಕಿಯಿಡುವವರು, ಕಳೆ ಕೀಳುವವರು, ಬೀಜ ಕೂಡಿಸುವ ಸ್ವಯಂಸೇವಕರು ವರ್ಷವರ್ಷವೂ ಬರಬೇಕು, ಬರುತ್ತಾರೆ. ಹಾಗೆಯೇ ಬಿಟ್ಟರೆ ಚೆನ್ನಾಗಿರುತ್ತದೆ ಎನ್ನುವವರನ್ನು ಒಂದು ಬೇಸಗೆಯ ಮಟ್ಟಿಗೆ ಅಲ್ಲಿಯ ಕಳೆ ಕೀಳುವ ಕೆಲಸಕ್ಕೆ ಕಳುಹಿಸಬಹುದು.

ಇಷ್ಟಾದರೂ ಮ್ಯಾಡಿಸನ್ನಿನವರು ಪ್ರಮಾದವಿಲ್ಲದವರೆಂದು ತಿಳಿಯಬಾರದು. ಹೊಗಳುವವರ ಕಣ್ಣಿಗೆ ಬೀಳದೆ ಹೋದ ಕೆಲವು ಸಂಗತಿಗಳೂ ಇವೆ. ಓಲಿನ್ ಅವರ ಒತ್ತಾಯದಿಂದ ಜಾನ್ ನೋಲನ್ ಎಂಬ ನಗರಯೋಜಕರನ್ನು ಊರಿಗೆ ಕರೆಸಿದರು. 1911ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಅವರು, ಇಂತಹ ನೆಲೆ ದೊರೆತಿದ್ದರೂ ಊರು ಅದಕ್ಕೆ ತಕ್ಕಂತೆ ನಡೆದುಕೊಂಡಿಲ್ಲವೆಂದು ಮುಖಸ್ತುತಿಯಿಲ್ಲದೆ ಹೇಳಿದರು. ಶಾಸನಸಭಾಭವನದಿಂದ ಮೊನೋನಾದ ನೀರಿನ ವರೆಗೆ ಅಗಲವಾದ ತೆರಪು ಇರಲಿ, ದಡ ಜನರಿಗೆ ದಕ್ಕಲಿ ಎಂದು ನಕ್ಷೆ ಬರೆದುಕೊಟ್ಟರು. ಊರು ನಕ್ಷೆಯನ್ನು ಬಹುಮಟ್ಟಿಗೆ ಪೆಟ್ಟಿಗೆಯಲ್ಲಿಟ್ಟಿತು. ಅದೇ ಸ್ಥಳಕ್ಕೆ ಫ್ರಾಂಕ್ ಲಾಯ್ಡ್ ರೈಟ್ 1938ರಲ್ಲಿ ಸೂಚಿಸಿದ ತಾರಸಿಭವನವು ಜಗಳಗಳೆಲ್ಲ ಮುಗಿದು ಬಾಗಿಲು ತೆರೆದದ್ದು 1997ರಲ್ಲಿ. ಅಷ್ಟರೊಳಗೆ ರೈಟ್ ತೀರಿಕೊಂಡು 38 ವರ್ಷಗಳಾಗಿದ್ದುವು. ಇನ್ನು ನೋಲನ್ನರನ್ನು ಊರು ಮರೆತಿದೆಯೇ ಎಂದರೆ, ಇಲ್ಲ. ಮೊನೋನಾದ ದಡವನ್ನು ಒತ್ತಿಕೊಂಡು ಹಗಲಿರುಳೂ ಮೋಟಾರುಗಳು ಓಡುವ, ಊರಿಗೂ ನೀರಿಗೂ ನಡುವೆ ಗೋಡೆಯಂತೆ ಬಿದ್ದಿರುವ ಹೆದ್ದಾರಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ದಡವನ್ನು ಜನರಿಗೆ ಕೊಡಿರೆಂದ ಯೋಜಕರಿಗೆ ಸಂದ ಸ್ಮಾರಕ ಇದು. ರಸ್ತೆಗಳಿಗೆ ಮಹಾಪುರುಷರ ಹೆಸರಿಡುವ ಉತ್ಸಾಹ ಒಂದೇ ದೇಶದ ಸೊತ್ತಲ್ಲ.

ಹೀಗಿರುವಾಗ 'ಹಣವಿದ್ದವರ ಮಾತು' ಎಂಬ ತೀರ್ಪು ಎಲ್ಲಿ ನಿಂತಿತು? ಹಣವಿಲ್ಲದ ದಿನಗಳಲ್ಲಿ ಚಂದಾ ಎತ್ತಿ ಜೌಗನ್ನು ತೋಟ ಮಾಡಿದ ಊರು, ಹಣ ಬಂದ ದಿನಗಳಲ್ಲಿ ದಡದ ಮೇಲೆ ಹೆದ್ದಾರಿ ಹಾಕಿತು. ಅನ್ವಯವೂ ಇಲ್ಲ, ವ್ಯತಿರೇಕವೂ ಇಲ್ಲ. ಧನವನ್ನು ಕಾರಣವೆನ್ನುವವರಿಗೆ ಇನ್ನೊಂದು ಹೇತುವನ್ನು ಹುಡುಕಿಕೊಳ್ಳದೆ ಗತ್ಯಂತರವಿಲ್ಲ.

ಆ ಊರಿನ ಧನಕ್ಕೂ ನಿಲುಕದೆ ಉಳಿದಿರುವುದು ನೀರು. 1958ರ ವರೆಗೂ ಊರಿನ ಚರಂಡಿಯ ನೀರು ಶುದ್ಧಿಯ ಶಾಸ್ತ್ರ ಮುಗಿಸಿಕೊಂಡು ಸರೋವರಗಳ ಸಾಲಿಗೇ ಸೇರುತ್ತಿತ್ತು. ಆ ವರ್ಷ ಅದನ್ನು ಬೇರೊಂದು ತೊರೆಗೆ ತಿರುಗಿಸಿದರು. ಅಷ್ಟರಿಂದ ರೋಗ ವಾಸಿಯಾಗಲಿಲ್ಲ. ಸುತ್ತಲಿನ ಹೊಲಗಳ ಗೊಬ್ಬರದಲ್ಲಿಯ ರಂಜಕವು ಹಿಮ ಕರಗುವಾಗ, ಮಳೆ ಹೊಡೆದಾಗ, ತೊರೆಗಳಲ್ಲಿ ಇಳಿದುಬರುತ್ತದೆ. ರಂಜಕ ಸಿಕ್ಕಿದ ನೀರಿನಲ್ಲಿ ಪಾಚಿಯು ಬೇಸಗೆಯಲ್ಲಿ ಹೆಪ್ಪುಗಟ್ಟುತ್ತದೆ; ಅದರಲ್ಲಿ ಕೆಲವು ಬಗೆಗಳು ವಿಷವುಳ್ಳವು. ಹುಲ್ಲಂಗಳಗಳಿಗೆ ರಂಜಕದ ಗೊಬ್ಬರ ಹಾಕಕೂಡದೆಂದು ಜಿಲ್ಲೆಯು 2005ರಲ್ಲಿಯೂ ಸಂಸ್ಥಾನವು 2010ರಲ್ಲಿಯೂ ಕಟ್ಟಳೆ ಮಾಡಿದುವು. 2009ರಲ್ಲಿ ಮೆಂಡೋಟಾದಲ್ಲಿ ಮುಳ್ಳುಬಾಲದ ಪರದೇಶದ ಜಲಕೀಟವೊಂದು ಕಂಡುಬಂದಿತು. ಪಾಚಿಯನ್ನು ಮೇಯುತ್ತಿದ್ದ ಸಣ್ಣ ಜೀವಿಗಳನ್ನು ಅದು ತಿಂದುಹಾಕಿದ್ದರಿಂದ ನೀರಿನ ತಿಳಿ ಮತ್ತಷ್ಟು ಕೆಟ್ಟಿತು. ಹೊಲದ ಗೊಬ್ಬರವೋ ಮೇಲಿನ ಊರುಗಳ ರೈತರ ಕೈಯಲ್ಲಿದೆ. ಅವರು ಉದ್ಯಾನದ ಸಂಘಕ್ಕೆ ಚಂದಾದಾರರಲ್ಲ. ಈಚೆಗೆ ಅವರನ್ನೂ ಕೂಡಿಸಿಕೊಂಡು, ಗೊಬ್ಬರವನ್ನು ಯಾವಾಗ ಎಷ್ಟು ಹಾಕಬೇಕು, ಬೆಳೆಯಿಲ್ಲದ ತಿಂಗಳುಗಳಲ್ಲಿ ನೆಲಕ್ಕೆ ಯಾವ ಹೊದಿಕೆಯ ಪೈರು ಬೇಕು ಎಂಬ ಮಾತುಕತೆ ನಡೆದಿದೆ. ಅಲ್ಲಿಯ ವರೆಗೆ, ಆಷಾಢ ಶ್ರಾವಣಗಳ ಸೆಖೆಯ ದಿನಗಳಲ್ಲಿ, ಈಜಲೆಂದು ಟುವಾಲು ಹೆಗಲಿಗೆ ಹಾಕಿಕೊಂಡು ದಡಕ್ಕೆ ಬಂದ ಮಕ್ಕಳು ಆರೋಗ್ಯ ಇಲಾಖೆಯ ಹಲಗೆಯನ್ನು ಓದಿ ಹಿಂದಿರುಗುವುದುಂಟು.